ಫಾರೆಸ್ಟ್ರಿ ಓದಿದರೆ ಗಾರ್ಡ್ ಆಗೋದಾ?

ಫೆಬ್ರುವರಿಯಲ್ಲಿ ಪುಣೆಯ ವೇತಾಳ ಟೇಕಡಿ ಹತ್ತಿದರೆ ಇಳಿಜಾರಿನ ತುಂಬ ತಿಳಿಗುಲಾಬಿ ಹೂವು. ವಾಕಿಂಗಿಗೆ ಬಂದವರು ನಿಂತು ನಿಂತು ಫೋಟೊ ಹೊಡೆಯುತ್ತಾರೆ. ಹೂ ಬಿಟ್ಟಿರುವುದು ಗ್ಲಿರಿಸಿಡಿಯ. ನಮ್ಮ ಊರ ಕಡೆ ಬೇಲಿಗೂ ಸೊಪ್ಪಿಗೂ ನೆಡುವ ಗೊಬ್ಬರದ ಗಿಡ ಅದೇ. ಇಲ್ಲಿಯ ಮರಾಠಿಯಲ್ಲಿ ಗಿರಿಪುಷ್ಪ. ಈ ಸಲ ಅದರ ಕೆಳಗೆ ನಿಂತಾಗಲೇ ನನ್ನ ಜತೆ ದಿನವೂ ಗುಡ್ಡ ಹತ್ತುವ, ನಾನು ಅಣ್ಣ ಎಂದು ಕರೆಯುವ ಹಿರಿಯರೊಬ್ಬರು ಮಾತು ತೆಗೆದರು. ವಿಜಯಪುರದ ಕಡೆಯವರು, ಕೋಥರೂಡಿಗೆ ಬಂದು ಮೂವತ್ತು ವರ್ಷ, ಮಗಳು ಹನ್ನೆರಡನೆಯ ಇಯತ್ತೆ.

"ತಮ್ಮಾ, ನಮ್ಮ ಹುಡುಗಿ ಫಾರೆಸ್ಟ್ರಿ ಓದತೀನಿ ಅಂತ ಹಟ ಹಿಡದಾಳ. ನಾಕು ವರ್ಷ ಓದಿ ಕಡೀಕ ಗಾರ್ಡ್ ಆಗೋದೇನು?"

ನಾನು ಶಿರಸಿಯ ಅರಣ್ಯ ಕಾಲೇಜಿನಲ್ಲಿ ಓದಿದವನು, ಈಗ ಇಲ್ಲಿ ಮರ ಎಣಿಸಿ, ಅಳೆದು, ವರದಿ ಬರೆದು ಹೊಟ್ಟೆ ಹೊರೆಯುವವನು. ಈ ಪ್ರಶ್ನೆ ನನ್ನ ಅಪ್ಪನೂ ಕೇಳಿದ್ದರು. ಗಾರ್ಡ್ ಆಗಲು ಪದವಿ ಬೇಕಿಲ್ಲ, ಪಿಯುಸಿ ಸಾಕು ಅಂತ ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ಅಣ್ಣ ನಿಜವಾಗಿ ಕೇಳುತ್ತಿದ್ದದ್ದು ಬೇರೆ: ಈ ಓದಿನಲ್ಲಿ ಏನಿದೆ, ಓದಿದವರು ಎಲ್ಲಿಗೆ ಹೋಗುತ್ತಾರೆ?

ಉತ್ತರಕ್ಕೆ ಆ ಹೂವಿನ ಮರದಿಂದಲೇ ಶುರುಮಾಡಿದೆ. ಗ್ಲಿರಿಸಿಡಿಯ ಮಧ್ಯ ಅಮೆರಿಕದ್ದು. ಬರಡಾಗಿ ಕಾಣುತ್ತಿದ್ದ ಗುಡ್ಡಗಳನ್ನು ಬೇಗ ಹಸಿರು ಮಾಡಬೇಕು, ದನ ಮೇಯಬಾರದು, ನೀರು ಹಾಕುವ ಗೋಜು ಇರಬಾರದು ಎನ್ನುವ ಲೆಕ್ಕದಲ್ಲಿ ಪುಣೆಯ ಗುಡ್ಡಗಳ ಮೇಲೆ ಅದನ್ನು ಹೇರಳವಾಗಿ ನೆಟ್ಟರು. ಹಸಿರೇನೋ ಆಯಿತು. ಆದರೆ ಈ ಗುಡ್ಡಗಳು ಮೂಲದಲ್ಲಿ ಹುಲ್ಲು ಮತ್ತು ಚದುರಿದ ಮರಗಳ ನೆಲ. ನೆರಳು ದಟ್ಟವಾದ ಕಡೆ ಹುಲ್ಲು ಹೋಯಿತು, ಹುಲ್ಲನ್ನೇ ನಂಬಿದ್ದ ಹಕ್ಕಿ ಕೀಟಗಳೂ ಹೋದವು. ಈಗ ಅದನ್ನು ಕಡಿಯಬೇಕೆನ್ನುವವರು, ಇರಲಿ ಎನ್ನುವವರು ಎರಡೂ ಕಡೆ ಇದ್ದಾರೆ. ಯಾವ ನೆಲಕ್ಕೆ ಯಾವ ಮರ, ಎಷ್ಟು, ಯಾರಿಗಾಗಿ, ಯಾವಾಗ ತೆಗೆಯಬೇಕು, ತೆಗೆದ ಮೇಲೆ ಏನು ಬರುತ್ತದೆ? ಇವಿಷ್ಟನ್ನು ಊಹೆಯಿಂದಲ್ಲದೆ ಅಳತೆಯಿಂದ ಹೇಳುವ ವಿದ್ಯೆ ಅರಣ್ಯಶಾಸ್ತ್ರ. ಸಸಿ ನೆಡುವುದು ಅದರಲ್ಲಿ ಒಂದು ಪಾಠ ಮಾತ್ರ. ವನ್ಯಜೀವಿ ಫೋಟೋಗ್ರಫಿಯಂತೂ ಅಲ್ಲವೇ ಅಲ್ಲ, ಇನ್‌ಸ್ಟಾಗ್ರಾಮ್ ನೋಡಿ ಬರುವ ಮಕ್ಕಳಿಗೆ ಇದನ್ನು ಮೊದಲೇ ಹೇಳಿಬಿಡಬೇಕು.

ಕಡಿಯಲು ಕಲಿಸುವ ಓದು

ಮೊದಲ ವರ್ಷದ ಹುಡುಗರು ಬೆಚ್ಚುವುದು ಸಿಲ್ವಿಕಲ್ಚರ್ ತರಗತಿಯಲ್ಲಿ. ಕಾಡು ಬೆಳೆಸುವ ಪಾಠವೆಂದು ಕೂತರೆ ಮೇಷ್ಟ್ರು ಮರ ಕಡಿಯುವ ಲೆಕ್ಕ ಬರೆಸುತ್ತಾರೆ. ಸಾಗವಾನಿ ನೆಡುತೋಪನ್ನೇ ತೆಗೆದುಕೊಳ್ಳಿ. ಎರಡು ಮೀಟರಿಗೊಂದರಂತೆ ನೆಟ್ಟರೆ ಹೆಕ್ಟೇರಿಗೆ 2500 ಸಸಿ. ಐದಾರು ವರ್ಷಕ್ಕೆ ತಲೆಗೆ ತಲೆ ತಾಗುತ್ತವೆ, ಬೆಳಕಿಗಾಗಿ ಪೈಪೋಟಿ ಶುರು. ಆಗ ಒಂದು ಬಿಟ್ಟು ಒಂದರಂತೆ ಅರ್ಧಕ್ಕರ್ಧ ತೆಗೆಯುತ್ತಾರೆ. ಇದಕ್ಕೆ ಥಿನ್ನಿಂಗ್ ಅನ್ನುತ್ತಾರೆ. ಕೆಲ ವರ್ಷ ಬಿಟ್ಟು ಮತ್ತೆ, ಆಮೇಲೆ ಮತ್ತೆ. ಕೊನೆಗೆ ನಾಟಾ ಆಗುವ ತನಕ ಉಳಿಯುವುದು ಹೆಕ್ಟೇರಿಗೆ ಕೆಲವು ನೂರು. ನಮ್ಮ ಹಿತ್ತಲಿನ ಕೊತ್ತಂಬರಿ ಮಡಿಯಲ್ಲಿ ಅಮ್ಮ ಮಾಡುವುದೂ ಇದನ್ನೇ. ಆದರೆ ಅವಳ ತಪ್ಪು ಇಪ್ಪತ್ತು ದಿನಕ್ಕೆ ಗೊತ್ತಾಗುತ್ತದೆ, ಫಾರೆಸ್ಟರ್ ಮಾಡಿದ ತಪ್ಪು ಅವನು ನಿವೃತ್ತನಾದ ಮೇಲೆ ಗೊತ್ತಾಗುತ್ತದೆ. ಸಾಗವಾನಿ ಕೊಯ್ಲಿಗೆ ಬರಲು ಐವತ್ತು ಅರವತ್ತು ವರ್ಷವೇ ಬೇಕು. ಅಷ್ಟು ಉದ್ದದ ಕಾಲಕ್ಕೆ ಲೆಕ್ಕ ಬರೆದಿಡುವ ಪುಸ್ತಕ ವರ್ಕಿಂಗ್ ಪ್ಲ್ಯಾನ್, ಕನ್ನಡದಲ್ಲಿ ಕಾರ್ಯಯೋಜನೆ. ಹತ್ತು ವರ್ಷಕ್ಕೊಮ್ಮೆ ಅರಣ್ಯ ವಿಭಾಗಕ್ಕೊಂದು ಬರೆಯುತ್ತಾರೆ. ಹಳೆಯ ಕಾರ್ಯಯೋಜನೆ ಓದುವುದರಲ್ಲಿ ಒಂದು ರುಚಿಯಿದೆ. ನಾನು ಕಾದಂಬರಿಗಿಂತ ಹೆಚ್ಚು ಅವನ್ನೇ ಓದಿದ್ದೇನೇನೋ.

ಅಳತೆಯ ಮಾತು ಬಂದರೆ ಎಲ್ಲಕ್ಕೂ ಬುನಾದಿ ಒಂದು ಸಂಖ್ಯೆ: 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ. ಭಾರತದಲ್ಲಿ ಮರದ ಸುತ್ತಳತೆ ಹಿಡಿಯುವುದು ಈ ಎದೆಮಟ್ಟದಲ್ಲಿ. ಬುಡದಲ್ಲಿ ಹಿಡಿದರೆ ಬೇರಿನ ಉಬ್ಬು ಮೋಸ ಮಾಡುತ್ತದೆ, ಮೇಲೆ ಹಿಡಿಯಲು ಕೈ ನಿಲುಕುವುದಿಲ್ಲ. ಮರ ಇಳಿಜಾರಿನಲ್ಲಿದ್ದರೆ ಏರಿನ ಕಡೆ ನಿಂತು ಅಳೆಯಬೇಕು. ಎದೆಮಟ್ಟಕ್ಕಿಂತ ಕೆಳಗೇ ಕವಲೊಡೆದಿದ್ದರೆ ಅದು ಎರಡು ಮರ. ಅದೇ ಮಟ್ಟದಲ್ಲಿ ಗಂಟಿದ್ದರೆ ಗಂಟು ದಾಟಿ ಟೇಪು ಸುತ್ತಬೇಕು. ಹೀಗೆ 0.1 ಹೆಕ್ಟೇರಿನ ಚೌಕ ಹಾಕಿ, ಅಂದರೆ ಬದಿಗೆ 31.62 ಮೀಟರ್ ಹಗ್ಗ ಎಳೆದು, ಒಳಗಿನ ಮರಗಳನ್ನೆಲ್ಲ ಬರೆದುಕೊಂಡು, ಅಂಥ ಹಲವು ಚೌಕಗಳಿಂದ ಇಡೀ ಕಾಡಿನ ಗಾತ್ರ ಲೆಕ್ಕ ಹಾಕುವುದು. ಸಂಖ್ಯಾಶಾಸ್ತ್ರ ಬೇಡವೆಂದು ಬಯಾಲಜಿ ತೆಗೆದುಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ.

ನಾಲ್ಕು ವರ್ಷದಲ್ಲಿ ಇನ್ನೂ ಬಹಳ ಬರುತ್ತದೆ: ಮಣ್ಣು, ಮರಗಳ ಗುರುತು, ರೋಗ ಮತ್ತು ಕೀಟ, ಮರದ ತಿರುಳಿನ ರಚನೆ, ಕೃಷಿ ಅರಣ್ಯ, ವನ್ಯಜೀವಿ, ಉಪಗ್ರಹದ ಚಿತ್ರದಿಂದ ನಕ್ಷೆ ಮಾಡುವುದು. ಕಾನೂನು ಇದ್ದೇ ಇದೆ. 1927ರ ಭಾರತೀಯ ಅರಣ್ಯ ಕಾಯ್ದೆ, 1972ರ ವನ್ಯಜೀವಿ ಕಾಯ್ದೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ, 2006ರ ಅರಣ್ಯ ಹಕ್ಕು ಕಾಯ್ದೆ, ಈ ನಾಲ್ಕೂ ಒಂದನ್ನೊಂದು ಎಲ್ಲಿ ತಾಗುತ್ತವೆ ಎಂದು ಅರ್ಥವಾದವನಿಗೆ ಕೆಲಸದ ಬರವಿಲ್ಲ.

ಬೀಜದ ಪಾಠ ಬಂದಾಗ ನಮಗೆ ನೆನಪಾಗುತ್ತಿದ್ದದ್ದು ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡ. ಶಾಲೆಯ ಮೆಟ್ಟಿಲು ಹತ್ತದ ಆ ಹಾಲಕ್ಕಿ ಅಜ್ಜಿ ಇಲಾಖೆಯ ನರ್ಸರಿಯಲ್ಲಿ ದುಡಿದು ಪದ್ಮಶ್ರೀ ತನಕ ಹೋದರು. ಕಾಡಿನಲ್ಲಿ ಯಾವುದು ತಾಯಿಮರ, ಅದರ ಬೀಜ ಯಾವಾಗ ಆರಿಸಬೇಕು ಎನ್ನುವುದು ಅವರಿಗೆ ಕಣ್ಣಳತೆಯಲ್ಲಿ ಗೊತ್ತಿತ್ತು. ನಾವು ಅದನ್ನೇ ಒಂದು ಸೆಮಿಸ್ಟರ್ ಓದಿ, ಪರೀಕ್ಷೆ ಬರೆದು, ಆಮೇಲೂ ಕಾಡಿಗೆ ಹೋದಾಗ ಗಾರ್ಡನ್ನೇ ಕೇಳುತ್ತಿದ್ದೆವು.

ಮೊದಲು ನೌಕರಿ, ಆಮೇಲೆ ಓದು

ಅಣ್ಣನ ಪ್ರಶ್ನೆಗೆ ಕಾರಣವಾದ ಗೊಂದಲದ ಬೇರು ಪುಣೆಯ ಆಸುಪಾಸಿನಲ್ಲೇ ಇದೆ. ದಾಪೋಡಿ ಲೋಕಲ್ ಸ್ಟೇಷನ್ ಇರುವ ಕಡೆ 19ನೆಯ ಶತಮಾನದಲ್ಲಿ ಸರ್ಕಾರಿ ಸಸ್ಯೋದ್ಯಾನವಿತ್ತು. ಅದರ ಮೇಲ್ವಿಚಾರಕ ಅಲೆಕ್ಸಾಂಡರ್ ಗಿಬ್ಸನ್ ವೃತ್ತಿಯಿಂದ ವೈದ್ಯ. 1847ರಲ್ಲಿ ಅವನನ್ನೇ ಮುಂಬಯಿ ಪ್ರಾಂತ್ಯದ ಅರಣ್ಯ ಸಂರಕ್ಷಕನನ್ನಾಗಿ ಮಾಡಿದರು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ದಾಂಡೇಲಿ, ಹಳಿಯಾಳದ ಸಾಗವಾನಿಗೆ 1956ರ ತನಕ ಮುಂಬಯಿಯೇ ಯಜಮಾನ. 1864ರಲ್ಲಿ ಜರ್ಮನಿಯ ಬ್ರಾಂಡಿಸ್ ಇಡೀ ದೇಶದ ಅರಣ್ಯಗಳ ಇನ್‌ಸ್ಪೆಕ್ಟರ್ ಜನರಲ್ ಆದ. 1878ರಲ್ಲಿ ಡೆಹ್ರಾಡೂನಿನಲ್ಲಿ ಅರಣ್ಯ ಶಾಲೆ ಶುರುವಾಯಿತು, 1906ರಲ್ಲಿ ಸಂಶೋಧನಾ ಸಂಸ್ಥೆಯೂ ಬಂತು.

ಆಗಿನ ಕ್ರಮ ಗಮನಿಸಿ: ಇಲಾಖೆ ಮೊದಲು ಆಳನ್ನು ಆರಿಸುತ್ತಿತ್ತು, ಆಮೇಲೆ ಅವನನ್ನು ಶಾಲೆಗೆ ಕಳಿಸುತ್ತಿತ್ತು. ನೌಕರಿ ಇದ್ದವನಿಗಷ್ಟೇ ಓದು. ಹೊರಗಿನವರು ಕಾಲೇಜಿಗೆ ಸೇರಿ ಅರಣ್ಯಶಾಸ್ತ್ರದ ಪದವಿ ಪಡೆಯುವುದು ಕೃಷಿ ವಿಶ್ವವಿದ್ಯಾಲಯಗಳಲ್ಲಿ ವ್ಯಾಪಕವಾಗಿ ಶುರುವಾದದ್ದು 1980ರ ದಶಕದಲ್ಲಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಶಿರಸಿ ಕಾಲೇಜು 1985ರದ್ದು. ಅದಕ್ಕೆರಡು ವರ್ಷ ಮೊದಲು, 1983ರ ಸೆಪ್ಟೆಂಬರಿನಲ್ಲಿ, ಅದೇ ತಾಲೂಕಿನ ಸಾಲ್ಕಣಿಯ ಜನ ಮರ ತಬ್ಬಿ ಅಪ್ಪಿಕೊ ಚಳವಳಿ ಶುರುಮಾಡಿದ್ದರು.

ಓದು ಹೊರಗೆ ಬಂತು, ಆದರೆ ಇಲಾಖೆಯ ಹಳೆಯ ಪದ್ಧತಿ ಹೋಗಲಿಲ್ಲ. ಇಂದಿಗೂ ಭಾರತೀಯ ಅರಣ್ಯ ಸೇವೆಯ (ಐಎಫ್‌ಎಸ್) ಪರೀಕ್ಷೆ ಗೆದ್ದವರು ಡೆಹ್ರಾಡೂನಿನ ಅಕಾಡೆಮಿಗೆ ಹೋಗುತ್ತಾರೆ, ಕರ್ನಾಟಕದ ರೇಂಜರುಗಳು ಧಾರವಾಡದ ಗುಂಗರಗಟ್ಟಿಗೆ ಹೋಗುತ್ತಾರೆ, ಮಹಾರಾಷ್ಟ್ರದವರಿಗೆ ಸಾಂಗಲಿ ಜಿಲ್ಲೆಯ ಕುಂಡಲಿನಲ್ಲಿ, ಚಂದ್ರಾಪುರದಲ್ಲಿ ಅಕಾಡೆಮಿಗಳಿವೆ. ಅಂದರೆ ಇಲಾಖೆ ತನ್ನವರಿಗೆ ಹೇಗೂ ತಾನೇ ಕಲಿಸುತ್ತದೆ. ಫಾರೆಸ್ಟ್ರಿ ಪದವಿ ಇಲಾಖೆಯ ಬಾಗಿಲಿನ ಕೀಲಿಕೈ ಅಲ್ಲ ಎಂದು ನಾನು ಅಣ್ಣನಿಗೆ ಒತ್ತಿ ಹೇಳಿದ್ದು ಇದಕ್ಕೇ.

ಐಎಫ್‌ಎಸ್ ಪರೀಕ್ಷೆ ನೋಡಿ. (ಇದೇ ಮೂರಕ್ಷರ ವಿದೇಶಾಂಗ ಸೇವೆಗೂ ಇರುವುದರಿಂದ ಮದುವೆ ಮಾತುಕತೆಗಳಲ್ಲಿ ಭಾರೀ ಗೊಂದಲವಾಗುತ್ತದೆ.) ಈಗಿನ ಅರಣ್ಯ ಸೇವೆ ಹುಟ್ಟಿದ್ದು 1966ರಲ್ಲಿ. ಯುಪಿಎಸ್‌ಸಿಯ ಪೂರ್ವಭಾವಿ ಪರೀಕ್ಷೆ 2013ರಿಂದ ಐಎಎಸ್ ಆಕಾಂಕ್ಷಿಗಳ ಜತೆಗೇ. ಅದನ್ನು ದಾಟಿದರೆ ಬೇರೆ ಮುಖ್ಯ ಪರೀಕ್ಷೆ: ಇಂಗ್ಲಿಷ್, ಸಾಮಾನ್ಯ ಜ್ಞಾನ, ಎರಡು ಐಚ್ಛಿಕ ವಿಷಯಗಳು. ಎಂಜಿನಿಯರ್, ಸಸ್ಯಶಾಸ್ತ್ರ, ಭೂಗರ್ಭಶಾಸ್ತ್ರ, ಗಣಿತದವರೂ ಬರೆಯಬಹುದು, ಬರೆದು ಗೆಲ್ಲುತ್ತಾರೆ ಕೂಡ. ಫಾರೆಸ್ಟ್ರಿ ಓದಿದವರಿಗೆ ಒಂದು ಐಚ್ಛಿಕ ಕೈಯಲ್ಲೇ ಇರುತ್ತದೆ, ಆದರೆ ಅದರ ಜೋಡಿಗೆ ಕೃಷಿ ವಿಷಯ ತೆಗೆದುಕೊಳ್ಳುವಂತಿಲ್ಲ. ಇತ್ತೀಚಿನ ವರ್ಷಗಳಲ್ಲಿ ಇಡೀ ದೇಶಕ್ಕೆ ಕರೆಯುವುದು ಸುಮಾರು 150 ಹುದ್ದೆ. ಆರಂಭದ ಮೂಲ ವೇತನ ಏಳನೆಯ ವೇತನ ಆಯೋಗದಂತೆ 56,100 ರೂಪಾಯಿ. ಕೊನೆಗೆ ನಡಿಗೆ ಪರೀಕ್ಷೆ: ನಾಲ್ಕು ತಾಸಿನಲ್ಲಿ ಗಂಡಸರು 25 ಕಿಲೋಮೀಟರ್, ಹೆಂಗಸರು 14. ಸ್ವಾರಗೇಟಿನಿಂದ ಸಿಂಹಗಡದ ಬುಡದ ತನಕ ಹತ್ತಿರ ಹತ್ತಿರ ಇಪ್ಪತ್ತೈದೇ ಎಂದಾಗ ಅಣ್ಣ ಮೊಣಕಾಲು ಮುಟ್ಟಿ ನೋಡಿಕೊಂಡರು.

ಇದರ ಕೆಳಗಿನ ಮೆಟ್ಟಿಲುಗಳು ರಾಜ್ಯದ್ದು. ಬೀಟಿಗೊಬ್ಬ, ಅಂದರೆ ಕಾಡಿನ ಒಂದು ಸಣ್ಣ ಪಾಲಿಗೊಬ್ಬ ಗಾರ್ಡ್, ಅವನ ಮೇಲೆ ಉಪವಲಯ ಅರಣ್ಯಾಧಿಕಾರಿ, ರೇಂಜಿಗೆ ವಲಯ ಅರಣ್ಯಾಧಿಕಾರಿ (ಆರ್‌ಎಫ್‌ಒ), ಅವರ ಮೇಲೆ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ (ಎಸಿಎಫ್). ಪದವೀಧರರ ಕಣ್ಣಿರುವುದು ಆರ್‌ಎಫ್‌ಒ ಮತ್ತು ಎಸಿಎಫ್ ಮೇಲೆ. ಕರ್ನಾಟಕದಲ್ಲಿ ಆರ್‌ಎಫ್‌ಒ ನೇರ ನೇಮಕಾತಿಯಲ್ಲಿ ಅರಣ್ಯ ಪದವೀಧರರಿಗೆ ಮೀಸಲು ಪಾಲು ಎಷ್ಟಿರಬೇಕು ಎನ್ನುವ ಜಗಳಕ್ಕೆ ಶಿರಸಿ ಮತ್ತು ಕೊಡಗಿನ ಪೊನ್ನಂಪೇಟೆಯ ಅರಣ್ಯ ಕಾಲೇಜುಗಳ ವಿದ್ಯಾರ್ಥಿಗಳು ತರಗತಿ ಬಿಟ್ಟು ಧರಣಿ ಕೂತದ್ದಿದೆ. ಮಹಾರಾಷ್ಟ್ರದಲ್ಲಿ ಇದೇ ಎರಡು ಹುದ್ದೆಗಳಿಗೆ ಆ ರಾಜ್ಯದ ಲೋಕಸೇವಾ ಆಯೋಗದ (ಎಂಪಿಎಸ್‌ಸಿ) ಪರೀಕ್ಷೆ. ಅಲ್ಲೂ ಬೇರೆ ಪದವಿಯವರ ಜತೆ ಪೈಪೋಟಿ. ನೇಮಕಾತಿ ಪ್ರತಿ ವರ್ಷ ನಡೆಯುತ್ತದೆ ಎಂದು ನಂಬಿ ಕೂತರೆ ವಯಸ್ಸು ಕಾಯುವುದಿಲ್ಲ.

ಇಲಾಖೆಯ ಬೇಲಿಯಾಚೆ

ಹಾಗಾದರೆ ಉಳಿದವರು ಎಲ್ಲಿಗೆ ಹೋಗುತ್ತಾರೆ? ನನ್ನ ಮಟ್ಟಿಗೆ ಹೇಳುವುದಾದರೆ ಈ ಪದವಿಯ ರಸ ಇರುವುದೇ ಇಲ್ಲಿ.

ಮೊದಲು ಅನಿರೀಕ್ಷಿತವಾದದ್ದು: ಬ್ಯಾಂಕು. ಸರ್ಕಾರಿ ಬ್ಯಾಂಕುಗಳಿಗೆ ಐಬಿಪಿಎಸ್ ನಡೆಸುವ ಕೃಷಿ ಕ್ಷೇತ್ರಾಧಿಕಾರಿ ಪರೀಕ್ಷೆಗೆ ಅರಣ್ಯ ಪದವಿಯೂ ಅರ್ಹತೆ. ಕಾಡು ಅಳೆಯಲು ಕಲಿತು ಸಾಲದ ಕಡತ ನೋಡುವ ಗೆಳೆಯರಿದ್ದಾರೆ, ಖುಷಿಯಾಗಿಯೇ ಇದ್ದಾರೆ.

ಎರಡನೆಯದು ರೈತರ ಹೊಲದ ಮರ. ನಮ್ಮ ಕಾಗದ, ಪ್ಲೈವುಡ್ ಕಾರ್ಖಾನೆಗಳಿಗೆ ಮರ ಬರುವುದು ಬಹುಪಾಲು ಕಾಡಿನಿಂದಲ್ಲ, ಹೊಲಗಳಿಂದ. ನೀಲಗಿರಿ, ಸುಬಾಬುಲ್, ಅಕೇಶಿಯ, ಹೆಬ್ಬೇವು. ಒಳ್ಳೆಯ ತಳಿಯ ಸಸಿ ಮಾಡುವುದು, ರೈತರಿಗೆ ಕೊಡುವುದು, ಕಟಾವಿನ ಲೆಕ್ಕ ಇಡುವುದು ಅರಣ್ಯ ಪದವೀಧರರ ಕೆಲಸ. 2017ರಲ್ಲಿ ಅರಣ್ಯ ಕಾಯ್ದೆ ತಿದ್ದಿ ಬಿದಿರನ್ನು ಮರದ ವ್ಯಾಖ್ಯೆಯಿಂದ ತೆಗೆದ ಮೇಲೆ ಹೊಲದ ಬಿದಿರಿಗೂ ದಾರಿ ಸುಗಮವಾಯಿತು. ಕೊಡಗು, ಚಿಕ್ಕಮಗಳೂರಿನ ಕಾಫಿಯವರಿಗೆ ಹೊಸ ತಲೆನೋವು ಐರೋಪ್ಯ ಒಕ್ಕೂಟದ 2023ರ ಕಾನೂನು: ಕಾಡು ಕಡಿದ ನೆಲದಲ್ಲಿ ಬೆಳೆದದ್ದಲ್ಲ ಎಂದು ತೋಟದ ನಕ್ಷೆ ಸಮೇತ ತೋರಿಸಬೇಕು. ಆ ನಕ್ಷೆ ಮಾಡುವವರು ಬೇಕಲ್ಲ.

ಮೂರನೆಯದು ಊರ ಮರ, ಮುಂಬಯಿ ಪುಣೆಯವರಿಗೆ ಇದು ಹತ್ತಿರದ್ದು. ಮಹಾರಾಷ್ಟ್ರದ ನಗರಗಳಲ್ಲಿ 1975ರ ಮರ ಕಾಯ್ದೆಯಂತೆ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ. 2021ರ ತಿದ್ದುಪಡಿಯಿಂದ ಐವತ್ತು ವರ್ಷ ದಾಟಿದ ಮರ ಪಾರಂಪರಿಕ ಮರ. ಅದನ್ನು ಕಡಿದರೆ ಅದರ ವಯಸ್ಸು ಎಷ್ಟೋ ಅಷ್ಟು ಸಸಿ ನೆಡಬೇಕು. ಓದಲು ಚೆಂದ. ಆದರೆ ಮರದ ವಯಸ್ಸು ಹೇಳುವವರು ಯಾರು? ಸಾಗವಾನಿಯಾದರೆ ವರ್ಷಕ್ಕೊಂದು ಉಂಗುರ ಸ್ಪಷ್ಟವಾಗಿ ಬೀಳುತ್ತದೆ, ಪುಣೆಯ ಪಾಷಾಣದಲ್ಲಿರುವ ಉಷ್ಣವಲಯ ಹವಾಮಾನ ಸಂಸ್ಥೆಯವರು ಅಂಥ ಉಂಗುರಗಳಿಂದ ಹಳೆಯ ಮಳೆಗಾಲಗಳ ಕತೆಯನ್ನೇ ಓದುತ್ತಾರೆ. ಆಲ, ಅರಳಿಗೆ ಅಂಥ ನಂಬುವ ಉಂಗುರವಿಲ್ಲ. ಸುತ್ತಳತೆ, ಜಾತಿ, ನೆಲ ನೋಡಿ ಅಂದಾಜು ಹೇಳಬೇಕು. ಬಿಲ್ಡರ್ ನಲವತ್ತೆಂಟು ಅನ್ನುತ್ತಾನೆ, ಸೊಸೈಟಿಯವರು ಎಂಬತ್ತು ಅನ್ನುತ್ತಾರೆ, ನಡುವೆ ಟೇಪು ಹಿಡಿದು ನಿಲ್ಲುವವನು ನಾನು.

ನಾಲ್ಕನೆಯದು ಪರಿಸರ ಪರಿಣಾಮದ ವರದಿ. ರಸ್ತೆ, ಗಣಿ, ಅಣೆಕಟ್ಟಿಗೆ ಅನುಮತಿ ಕೇಳುವಾಗ ಅಲ್ಲಿಯ ಗಿಡಮರ ಪ್ರಾಣಿಗಳ ಪಟ್ಟಿ ಬೇಕು. ನಾನು ಮೊದಲು ಸೇರಿದ ಕಡೆ ಕೊಂಕಣದ ಒಂದು ಸಡೆಗೆ, ಅಂದರೆ ಜಂಬಿಟ್ಟಿಗೆಯ ಬಯಲಿಗೆ, ಮೇ ತಿಂಗಳಲ್ಲಿ ಕಳಿಸಿದರು. ಕಾದ ಕಲ್ಲು, ಒಣಹುಲ್ಲು. ಪಟ್ಟಿಯಲ್ಲಿ ಹೆಚ್ಚೇನೂ ಬರೆಯಲು ಇರಲಿಲ್ಲ. ಮಳೆ ಬಂದ ಮೇಲೆ ಸ್ವಂತ ಖರ್ಚಿನಲ್ಲಿ ಮತ್ತೆ ಹೋದೆ. ಅದೇ ಕಲ್ಲಿನ ಮೇಲೆ ಬೆರಳಗಲದ ನೀರು, ನೀರಿನಲ್ಲಿ ಮರಾಠಿಯವರು ಸೀತೇಚಿ ಆಸವೆ ಎನ್ನುವ ನೇರಳೆ ಹೂ, ಹುಳ ಹಿಡಿದು ತಿನ್ನುವ ಪುಟ್ಟ ಗಿಡ. ಸಾತಾರದ ಕಾಸ್ ಬಯಲಿಗೆ ಟಿಕೆಟ್ ಕೊಟ್ಟು ನೋಡಲು ಹೋಗುತ್ತೇವಲ್ಲ, ಅದೇ ಬಗೆಯದು. ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಸಾಕು ಎನ್ನುವ ಪದ್ಧತಿಯಿಂದ ಇಂಥ ನೆಲ ಕಾಗದದಲ್ಲಿ ಬರಡಾಗುತ್ತದೆ. ನನ್ನ ಎರಡನೆಯ ಪಟ್ಟಿ ವರದಿಗೆ ಸೇರಲಿಲ್ಲ. ಆರು ತಿಂಗಳಲ್ಲಿ ಆ ಕೆಲಸ ಬಿಟ್ಟೆ. ಕೆಲಸ ಕೆಟ್ಟದ್ದೆಂದಲ್ಲ, ಅಲ್ಲಿ ತಿಳಿದವರು ಇದ್ದಷ್ಟೂ ಒಳ್ಳೆಯದು, ಆದರೆ ಸಹಿ ಹಾಕುವ ಮುನ್ನ ಬೆನ್ನು ನೆಟ್ಟಗಿರಬೇಕು.

ಇದರ ಜತೆಗೆ ಇಂಗಾಲದ ಲೆಕ್ಕ: ಮರ ಎಷ್ಟು ಇಂಗಾಲ ಹಿಡಿದಿದೆ ಎಂದು ಅಳೆದು ಮಾರುವ ಯೋಜನೆಗಳು. ಅಲ್ಲಿಯೂ ಅದೇ ಎದೆಮಟ್ಟದ ಟೇಪು. ನಕ್ಷೆ ಬಲ್ಲವರಿಗೆ ಡೆಹ್ರಾಡೂನಿನ ಅರಣ್ಯ ಸಮೀಕ್ಷಾ ಸಂಸ್ಥೆಯ ಥರದ ಕೆಲಸ. ಆ ಸಂಸ್ಥೆಯ 2023ರ ವರದಿ ದೇಶದ ಶೇ 25.17ರಷ್ಟು ನೆಲ ಅರಣ್ಯ ಮತ್ತು ಮರಗಳಿಂದ ಕೂಡಿದೆ ಎನ್ನುತ್ತದೆ. ಒಂದು ಹೆಕ್ಟೇರಿಗಿಂತ ಕಡಿಮೆಯಿಲ್ಲದ ಜಾಗದಲ್ಲಿ ಶೇ 10ರಷ್ಟು ಮರದ ನೆರಳಿದ್ದರೆ ಅದು ಅರಣ್ಯ ಹೊದಿಕೆ, ಮರ ಯಾವುದಾದರೂ ಸರಿ. ಗೋವಾದ ಸುಮಾರು ಶೇ 60 ಭಾಗ ಅರಣ್ಯ ಹೊದಿಕೆ ಎಂದು ಓದಿದಾಗ ಅದರಲ್ಲಿ ಗೇರುತೋಟವೂ ಇದೆ ಎಂದು ನೆನಪಿಡಬೇಕು. ಪತ್ರಿಕೆಯ ಈ ಸುದ್ದಿಯನ್ನು ಹೀಗೆ ಬಿಡಿಸಿ ಓದಲು ಬಂದರೆ ಓದಿದ್ದು ವ್ಯರ್ಥವಾಗಲಿಲ್ಲ.

ಮುಂದೆ ಓದುವವರಿಗೆ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ (ಎಫ್‌ಆರ್‌ಐ) ಎಂಎಸ್ಸಿ, ಭೋಪಾಲಿನ ಅರಣ್ಯ ನಿರ್ವಹಣಾ ಸಂಸ್ಥೆಯಲ್ಲಿ (ಐಐಎಫ್‌ಎಂ) ಮ್ಯಾನೇಜ್‌ಮೆಂಟ್, ಬೆಂಗಳೂರಿನಲ್ಲಿ ಮರ ವಿಜ್ಞಾನ ಸಂಸ್ಥೆ, ಹುಲಿ ಹಕ್ಕಿಯ ಹುಚ್ಚಿದ್ದವರಿಗೆ ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆ. ಖಾಸಗಿ ಕಡೆ ಶುರುವಿನ ಸಂಬಳ ಐಟಿಯವರ ಹತ್ತಿರ ಸುಳಿಯುವುದಿಲ್ಲ, ಇದನ್ನು ಅಣ್ಣನಿಂದ ಮುಚ್ಚಿಡಲಿಲ್ಲ.

ಪುಣೆಯ ಕನ್ನಡದವರು ಸೇರುವುದು ಹೇಗೆ

ಹನ್ನೆರಡನೆಯದರಲ್ಲಿ ಬಯಾಲಜಿ ಬಿಡಬಾರದು. ಮಹಾರಾಷ್ಟ್ರದಲ್ಲಿ ಓದಿದ ಮಗುವಿಗೆ ನೇರ ದಾರಿ ರಾಜ್ಯದ ಸಿಇಟಿ ಮೂಲಕ ರತ್ನಾಗಿರಿ ಜಿಲ್ಲೆಯ ದಾಪೋಲಿ ಅಥವಾ ವಿದರ್ಭದ ಅಕೋಲಾ ಕಾಲೇಜು. ದಾಪೋಲಿಗೆ ಕೊಂಕಣದ ಕಾಡು ಬಾಗಿಲಲ್ಲೇ ಇದೆ, ನಾನಾದರೆ ಅದನ್ನೇ ಮೊದಲು ಬರೆಯುತ್ತಿದ್ದೆ. ಶಿರಸಿ, ಪೊನ್ನಂಪೇಟೆ ಬೇಕೆಂದರೆ ಕರ್ನಾಟಕದ ಸಿಇಟಿ, ಅದಕ್ಕೆ ಸಾಮಾನ್ಯವಾಗಿ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು. ಹೊರನಾಡು, ಗಡಿನಾಡು ಕನ್ನಡಿಗರಿಗೆ ಬೇರೆ ನಿಯಮಗಳಿವೆ. ಗಡಿನಾಡಿನ ನಿಯಮದಲ್ಲಿ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲೂಕುಗಳ ಹೆಸರೇ ಇದೆ. ಕೋಥರೂಡು ಅದರಲ್ಲಿ ಬರುವುದಿಲ್ಲ. ಆ ವರ್ಷದ ಮಾಹಿತಿ ಪುಸ್ತಿಕೆಯನ್ನು ಅಕ್ಷರ ಬಿಡದೆ ಓದಿ, ನೆಂಟರ ಮಾತು ನಂಬಬೇಡಿ. ಮೂರನೆಯ ದಾರಿ ಇಡೀ ದೇಶಕ್ಕೆ ನಡೆಯುವ ಪ್ರವೇಶ ಪರೀಕ್ಷೆ, ಸಿಯುಇಟಿ: ಕೃಷಿ ವಿಶ್ವವಿದ್ಯಾಲಯಗಳ ಶೇ 20ರಷ್ಟು ಸೀಟು ಅಖಿಲ ಭಾರತ ಪಾಲು, ಅದಕ್ಕೆ ಊರಿನ ಹಂಗಿಲ್ಲ. ಇನ್ನೊಂದು: ಮುಂದೆ ಕರ್ನಾಟಕದ ಹುದ್ದೆ ಬಯಸಿದರೆ ಕಡ್ಡಾಯ ಕನ್ನಡ ಪರೀಕ್ಷೆ ಇರುತ್ತದೆ. ಮನೆಯಲ್ಲಿ ಕನ್ನಡ ಮಾತಾಡಿ ಮರಾಠಿ ಶಾಲೆಯಲ್ಲಿ ಕಲಿತ ಮಕ್ಕಳಿಗೆ ಒತ್ತಕ್ಷರ ಬರೆಯಲು ಈಗಿನಿಂದಲೇ ಅಭ್ಯಾಸ ಬೇಕು.

ಮರು ಭಾನುವಾರ ಹುಡುಗಿಯೂ ಗುಡ್ಡಕ್ಕೆ ಬಂದಳು. ಟೇಪು ಕೊಟ್ಟು ಒಂದು ಗ್ಲಿರಿಸಿಡಿಯ ಅಳೆಯಲು ಹೇಳಿದೆ. ಇಳಿಜಾರಿನ ಕೆಳಗೆ ನಿಂತು ತನ್ನ ಎದೆಮಟ್ಟಕ್ಕೆ ಸುತ್ತಿದಳು, 64 ಸೆಂಟಿಮೀಟರ್. ಮೇಲಿನ ಕಡೆಗೆ ಬಂದು, ನೆಲದಿಂದ 1.37 ಹಿಡಿದು ಮತ್ತೆ ಸುತ್ತಿದಾಗ 59. ಎರಡನ್ನೂ ಮೊಬೈಲಿನಲ್ಲಿ ಬರೆದುಕೊಂಡು ಮೊದಲನೆಯದನ್ನು ಅಳಿಸಿದಳು.

"ಕಾಕಾ, ಇದನ್ನ ಕಡದ್ರ ಇದರ ಕೆಳಗ ಏನ ಬರ್ತದ?"

"ನೀನೇ ನೋಡು, ಈಗಾಗಲೇ ಏನಾದರೂ ಬಂದಿದೆಯಾ ಅಂತ."

ಅವಳು ಮೊಣಕಾಲೂರಿ ಒಣಗಿದ ಎಲೆ ಸರಿಸಿದಳು. ಗ್ಲಿರಿಸಿಡಿಯದ್ದೇ ಮೂರು ಸಸಿ, ಸ್ವಲ್ಪ ಆಚೆ ಒಂದು ಬೇವು, ಮತ್ತೊಂದು ಯಾವುದೋ ಎರಡೆಲೆಯದು, ನನಗೂ ಗುರುತು ಹತ್ತಲಿಲ್ಲ. ಅಣ್ಣ ಚಹಾದ ಹೊತ್ತಾಯಿತೆಂದು ಎರಡು ಸಲ ಕೂಗಿದರು. ಅವಳು ಎಣಿಸುತ್ತಿದ್ದಳು.